ಕೇಯಾಸ್ ಥಿಯರಿ ಕಲಿತು ತೋಟದ ಮಳೆ ಲೆಕ್ಕ ಓದುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಕೊಡಗಿನ ಹಳೆಯ ಕಾಫಿ ತೋಟಗಳಲ್ಲಿ ಒಂದು ಮಳೆ ಪುಸ್ತಕ ಇರುತ್ತದೆ. ದಿನಾ ಬೆಳಿಗ್ಗೆ ಮಾಪಕದ ನೀರು ಅಳೆದು, ಇಂಚು ಸೆಂಟಿನ ಲೆಕ್ಕದಲ್ಲಿ ಬರೆದಿಡುತ್ತಾರೆ. ಕಾಫಿ ಅರಳಿಸುವ ಹೂ ಮಳೆ ಯಾವಾಗ ಬಂತು, ಹೂವಿನ ನಂತರದ ಬ್ಯಾಕಿಂಗ್ ಮಳೆ ಸಿಕ್ಕಿತಾ, ಕಕ್ಕಡದಲ್ಲಿ (ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳು) ಎಷ್ಟು ಸುರಿಯಿತು, ಎಲ್ಲಾ ಅದರಲ್ಲಿದೆ. ಮನೆಯಲ್ಲಿ ಯಾರಾದರೂ ಇಂಜಿನಿಯರಿಂಗೋ ಎಂಎಸ್ಸಿಯೋ ಓದುತ್ತಿದ್ದರೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ: ಇಷ್ಟೊಂದು ಅಂಕಿಗಳ ಒಳಗೆ ಏನಾದರೂ ನಿಯಮ ಇದೆಯಾ? ಒಳಗೆ ನಿಯಮ ಇದ್ದರೂ ಹೊರಗೆ ಗೊಂದಲದಂತೆ ಕಾಣುವುದಕ್ಕೆ ಕೇಯಾಸ್ ಅಂತಾರಲ್ಲ, ಅದು ಇದೇನಾ?

ಪ್ರಶ್ನೆ ಬಹಳ ಒಳ್ಳೆಯದು. ಆದರೆ ಮೊದಲ ದಿನವೇ ಮಳೆ ಪುಸ್ತಕವನ್ನು ಕಂಪ್ಯೂಟರಿಗೆ ಹಾಕಬೇಡಿ. ಈ ವಿಷಯದಲ್ಲಿ ಒಂದು ದೊಡ್ಡ ಅಪಾಯ ಇದೆ. ಯಾವ ಡೇಟಾ ಕೊಟ್ಟರೂ ಪ್ರೋಗ್ರಾಂ ಒಂದು ಅಂಕಿಯನ್ನು ಕೊಟ್ಟೇ ಕೊಡುತ್ತದೆ. ಆ ಅಂಕಿಗೆ ಅರ್ಥ ಇದೆಯೋ ಇಲ್ಲವೋ ಅಂತ ಅದು ಹೇಳುವುದಿಲ್ಲ. ಅದನ್ನು ನೀವೇ ಕಂಡುಕೊಳ್ಳಬೇಕು. ಆದ್ದರಿಂದ ಮೊದಲು ಉತ್ತರ ಗೊತ್ತಿರುವ ಸಮೀಕರಣಗಳ ಮೇಲೆ ಕೈ ಪಳಗಲಿ. ಮಳೆ ಪುಸ್ತಕ ಕೊನೆಗೆ ಬರಲಿ. ಈ ಮಾರ್ಗದರ್ಶಿ ಅದೇ ಕ್ರಮದಲ್ಲಿದೆ.

ಬೇಕಾದ ಸಿದ್ಧತೆ

ಪಿಯುಸಿ ಗಣಿತ ಸಾಕು. ಲಾಗರಿದಮ್, ಇಳಿಜಾರು, ಡಿಫರೆನ್ಶಿಯಲ್ ಸಮೀಕರಣ ಅಂದರೆ ಏನು ಅನ್ನುವ ಅಂದಾಜು, ಇಷ್ಟಿದ್ದರೆ ಶುರು ಮಾಡಬಹುದು. ಮೊದಲ ಹಂತಕ್ಕೆ ಎಕ್ಸೆಲ್ ಸಾಕು. ಆಮೇಲೆ ಪೈಥಾನ್ ಬೇಕು, ಜೊತೆಗೆ ನಂಪೈ, ಮ್ಯಾಟ್‌ಪ್ಲಾಟ್‌ಲಿಬ್ ಮತ್ತು ನೋಲ್ಡ್ಸ್ ಪ್ಯಾಕೇಜುಗಳು (ಕ್ರಮವಾಗಿ ಅಂಕಿ ಲೆಕ್ಕಕ್ಕೆ, ಗ್ರಾಫಿಗೆ, ಕೇಯಾಸ್ ಅಳತೆಗಳಿಗೆ). ಹೆಗ್ಗರ್, ಕಾಂಟ್ಸ್ ಮತ್ತು ಶ್ರೈಬರ್ 1999ರಲ್ಲಿ ವಿವರಿಸಿದ ಟಿಸಿಯನ್ ಎಂಬ ಉಚಿತ ಸಾಫ್ಟ್‌ವೇರ್ ಹಳೆಯದಾದರೂ ಇವತ್ತಿಗೂ ನಂಬಬಹುದಾದದ್ದು.

ಪಾಠಕ್ಕೆ ಗಣಿತಜ್ಞ ಸ್ಟೀವನ್ ಸ್ಟ್ರೋಗಾಟ್ಸ್ ಅವರು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಉಪನ್ಯಾಸಗಳು ಯೂಟ್ಯೂಬಿನಲ್ಲಿ ಪೂರ್ತಿ ಸಿಗುತ್ತವೆ. ಇಷ್ಟು ಚೆನ್ನಾಗಿ ಹೇಳಿಕೊಡುವವರು ಅಪರೂಪ. ಮಳೆಗಾಲದಲ್ಲಿ ಕರೆಂಟ್ ಮತ್ತು ನೆಟ್ ಎರಡೂ ಕೈಕೊಡುವ ಊರಿನವರಾದರೆ ವಿಡಿಯೋ, ಪ್ಯಾಕೇಜು, ಡೇಟಾ ಎಲ್ಲವನ್ನೂ ಮೇ ತಿಂಗಳಲ್ಲೇ ಇಳಿಸಿಟ್ಟುಕೊಳ್ಳಿ.

ಹಂತ 1: ಒಂದೇ ಸಾಲಿನ ಸಮೀಕರಣ

ಎಕ್ಸೆಲ್ ತೆರೆಯಿರಿ. ಈ ಸಮೀಕರಣವನ್ನು ಹಾಕಿ:

ಮುಂದಿನ ಎಕ್ಸ್ = ಆರ್ × ಎಕ್ಸ್ × (1 − ಎಕ್ಸ್)

ಇದಕ್ಕೆ ಲಾಜಿಸ್ಟಿಕ್ ಮ್ಯಾಪ್ ಅಂತ ಹೆಸರು. ಒಂದು ಜಾಗದಲ್ಲಿರುವ ಹುಳುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆ ಅನ್ನುವುದರ ಅತಿ ಸರಳ ಲೆಕ್ಕ ಇದು. ಇಷ್ಟು ಸರಳ ಲೆಕ್ಕದಿಂದ ಎಂಥಾ ಜಟಿಲ ನಡವಳಿಕೆ ಹುಟ್ಟುತ್ತದೆ ಅಂತ ರಾಬರ್ಟ್ ಮೇ 1976ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿದರು.

ಆರ್ ಬೆಲೆಯನ್ನು ಒಂದು ಕೋಶದಲ್ಲಿಡಿ. ಎಕ್ಸ್‌ನ ಮೊದಲ ಬೆಲೆ 0.2 ಇರಲಿ. ಸೂತ್ರವನ್ನು 1,000 ಸಾಲಿನವರೆಗೆ ಎಳೆಯಿರಿ. ಈಗ ಆರ್ ಅನ್ನು ಬದಲಾಯಿಸುತ್ತಾ ಹೋಗಿ.

ಆರ್ 2.8 ಆದಾಗ ಎಕ್ಸ್ 0.643ರ ಹತ್ತಿರ ಬಂದು ನಿಂತುಬಿಡುತ್ತದೆ. 3.2 ಕೊಟ್ಟರೆ 0.513 ಮತ್ತು 0.799ರ ನಡುವೆ ಅದಲು ಬದಲಾಗುತ್ತದೆ. 3.5ಕ್ಕೆ ನಾಲ್ಕು ಬೆಲೆಗಳ ಸುತ್ತು. ಹೀಗೆ ಎರಡು, ನಾಲ್ಕು, ಎಂಟು ಅಂತ ದುಪ್ಪಟ್ಟಾಗುತ್ತಾ 3.57ರ ಹೊತ್ತಿಗೆ ಸುತ್ತು ಅನ್ನುವುದೇ ಉಳಿಯುವುದಿಲ್ಲ. ಆದರೆ 3.83 ಕೊಟ್ಟು ನೋಡಿ: ಆ ಗೊಂದಲದ ನಡುವೆಯೇ ಮೂರು ಬೆಲೆಗಳ ಅಚ್ಚುಕಟ್ಟು ಸುತ್ತು ಮತ್ತೆ ಬರುತ್ತದೆ. ಈ ದುಪ್ಪಟ್ಟಾಗುವ ಜಾಗಗಳ ನಡುವಿನ ಅಂತರ ಪ್ರತಿ ಸಲವೂ ಸುಮಾರು 4.669 ಪಟ್ಟು ಕುಗ್ಗುತ್ತದೆ. ಅದನ್ನು ಕಂಡುಹಿಡಿದವರು ಮಿಚೆಲ್ ಫೈಗನ್‌ಬಾಮ್.

ಈಗ ಆರ್ 4 ಮಾಡಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ, ಏಕೆಂದರೆ ಇಡೀ ವಿಷಯದ ತಿರುಳು ಇಲ್ಲಿದೆ. 0.2ರಿಂದ ಹೊರಟರೆ 0.64, 0.9216, 0.2890, 0.8219 ಹೀಗೆ ಹೋಗುತ್ತದೆ. ಪಕ್ಕದ ಕಾಲಂನಲ್ಲಿ 0.2001ರಿಂದ ಶುರು ಮಾಡಿ. 0.6402, 0.9213, 0.2899, 0.8235. ಮೊದಲಿಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಆದರೆ ಅದು ಸರಾಸರಿ ಒಂದು ಹೆಜ್ಜೆಗೆ ಎರಡು ಪಟ್ಟಾಗುತ್ತಿದೆ. 13-14 ಹೆಜ್ಜೆ ದಾಟುವ ಹೊತ್ತಿಗೆ ಎರಡು ಕಾಲಂಗಳಿಗೂ ಪರಸ್ಪರ ಸಂಬಂಧವೇ ಇರುವುದಿಲ್ಲ. ಈ ಬೆಳವಣಿಗೆಯ ದರಕ್ಕೆ ಲ್ಯಾಪುನೋವ್ ಎಕ್ಸ್‌ಪೊನೆಂಟ್ ಅನ್ನುತ್ತಾರೆ. ಇಲ್ಲಿ ಅದರ ನಿಖರ ಬೆಲೆ 2ರ ನ್ಯಾಚುರಲ್ ಲಾಗ್, ಅಂದರೆ 0.693. ಇದು ಧನ ಸಂಖ್ಯೆಯಾಗಿದ್ದು, ವ್ಯವಸ್ಥೆ ಒಂದು ಮಿತಿಯೊಳಗೇ ಸುತ್ತುತ್ತಿದ್ದರೆ ಅದು ಕೇಯಾಸ್. (0.25, 0.5, 0.75 ಮಾತ್ರ ಆರಂಭದ ಬೆಲೆಯಾಗಿ ಕೊಡಬೇಡಿ. ಆರ್ 4 ಇದ್ದಾಗ ಅವು ಒಂದೆರಡು ಹೆಜ್ಜೆಯಲ್ಲೇ ಸ್ಥಿರ ಬೆಲೆಗೆ ಸಿಕ್ಕಿಬೀಳುತ್ತವೆ.)

ಅಂತರ ದುಪ್ಪಟ್ಟಾಗುತ್ತಲೇ ಹೋದರೂ ಎಕ್ಸ್ ಯಾಕೆ 0 ಮತ್ತು 1ರ ಆಚೆ ಹೋಗುವುದಿಲ್ಲ? ಪರೋಟ ಮಾಡುವವರು ಹಿಟ್ಟನ್ನು ಎಳೆದು, ಮಡಚಿ, ಮತ್ತೆ ಎಳೆಯುವ ಹಾಗೆ ಈ ಸಮೀಕರಣವೂ ಸಂಖ್ಯೆಗಳನ್ನು ಎಳೆಯುತ್ತದೆ, ಮಡಚುತ್ತದೆ. ಎಳೆತದಿಂದ ಪಕ್ಕದವು ದೂರವಾಗುತ್ತವೆ, ಮಡಿಕೆಯಿಂದ ದೂರದವು ಹತ್ತಿರ ಬರುತ್ತವೆ.

ಹಂತ 1ರಲ್ಲಿ ಇನ್ನೊಂದು ಪ್ರಯೋಗವನ್ನು ಬಿಡಲೇಬೇಡಿ. ಆರ್ 4ರ 1,000 ಬೆಲೆಗಳನ್ನು ಸುಮ್ನೆ ಗೆರೆಯಾಗಿ ಗ್ರಾಫ್ ಹಾಕಿ. ಬರೀ ಗದ್ದಲ ಕಾಣುತ್ತದೆ. ಕಾಲೇಜಿನ ಸ್ಟಾಟಿಸ್ಟಿಕ್ಸ್‌ನಲ್ಲಿ ಕಲಿತ ಆಟೋಕೋರಿಲೇಷನ್ (ಸರಣಿಯ ಈಗಿನ ಬೆಲೆಗೂ ಹಿಂದಿನ ಬೆಲೆಗೂ ಇರುವ ಹೊಂದಾಣಿಕೆ) ಹಾಕಿದರೆ ಅದೂ ಹೆಚ್ಚುಕಡಿಮೆ ಸೊನ್ನೆ. ಅಂದರೆ ರೇಖೀಯ (ನೇರ ಗೆರೆಯ ಸಂಬಂಧ ಹುಡುಕುವ) ವಿಧಾನಗಳ ಕಣ್ಣಿಗೆ ಇದು ಶುದ್ಧ ಯಾದೃಚ್ಛಿಕ ಸರಣಿ. ಈಗ ಇವತ್ತಿನ ಬೆಲೆಯನ್ನು ಅಡ್ಡ ಅಕ್ಷಕ್ಕೂ ನಾಳಿನ ಬೆಲೆಯನ್ನು ನೆಟ್ಟ ಅಕ್ಷಕ್ಕೂ ಇಟ್ಟು ಚುಕ್ಕೆಗಳ ಗ್ರಾಫ್ ಹಾಕಿ. ಅಚ್ಚುಕಟ್ಟಾದ ಒಂದು ಕಮಾನು ಮೂಡುತ್ತದೆ! ಅದೇ 1,000 ಅಂಕಿಗಳ ಕ್ರಮವನ್ನು ಕಲಸಿ ಮತ್ತೆ ಹಾಕಿ. ಕಮಾನು ಮಾಯ, ಪೆಟ್ಟಿಗೆ ತುಂಬಾ ಚೆಲ್ಲಿದ ಚುಕ್ಕೆಗಳು. ಅಂಕಿಗಳು ಅವೇ, ಕ್ರಮ ಮಾತ್ರ ಬೇರೆ. ನಾನ್‌ಲೀನಿಯರ್ ಅನಾಲಿಸಿಸ್ (ರೇಖೀಯವಲ್ಲದ ಸಂಬಂಧಗಳ ವಿಶ್ಲೇಷಣೆ) ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ಈ ಮೂರು ಗ್ರಾಫ್ ತೋರಿಸಿದರೆ ಸಾಕು.

ಹಂತ 2: ಲೊರೆಂಜ್

ಎಡ್ವರ್ಡ್ ಲೊರೆಂಜ್ ಅಮೆರಿಕದ ಎಂಐಟಿಯಲ್ಲಿದ್ದ ಹವಾಮಾನ ವಿಜ್ಞಾನಿ. 1961ರಲ್ಲಿ ಕಂಪ್ಯೂಟರಿನಲ್ಲಿ ಒಂದು ಹವಾಮಾನ ಮಾದರಿ ಓಡಿಸುತ್ತಿದ್ದರು. ಒಂದು ಲೆಕ್ಕವನ್ನು ನಡುವಿನಿಂದ ಮತ್ತೆ ಓಡಿಸಬೇಕಾಗಿ, ಪ್ರಿಂಟಿನಲ್ಲಿದ್ದ 0.506 ಅನ್ನು ಟೈಪ್ ಮಾಡಿದರು. ಯಂತ್ರದ ಒಳಗೆ ಇದ್ದದ್ದು 0.506127. ಅಷ್ಟರಿಂದಲೇ ಮುಂದಿನ ಹವಾಮಾನ ಪೂರ್ತಿ ಬೇರೆ ದಾರಿ ಹಿಡಿಯಿತು. ಅದರ ಬೆನ್ನು ಹತ್ತಿ ಅವರು 1963ರಲ್ಲಿ ಪ್ರಕಟಿಸಿದ ಮೂರು ಸಮೀಕರಣಗಳು ಇವು:

ಎಕ್ಸ್ ಬದಲಾಗುವ ವೇಗ = 10 × (ವೈ − ಎಕ್ಸ್)
ವೈ ಬದಲಾಗುವ ವೇಗ = ಎಕ್ಸ್ × (28 − ಜೆಡ್) − ವೈ
ಜೆಡ್ ಬದಲಾಗುವ ವೇಗ = ಎಕ್ಸ್ × ವೈ − (8/3) × ಜೆಡ್

ಇದನ್ನು ಪೈಥಾನ್‌ನಲ್ಲಿ ಬರೆಯಿರಿ. ರೆಡಿಮೇಡ್ ಸಾಲ್ವರ್ ಬಳಸುವ ಮೊದಲು ಇಂಥ ಸಮೀಕರಣಗಳನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಬಿಡಿಸುವ ನಾಲ್ಕನೇ ದರ್ಜೆಯ ರುಂಗೆ-ಕುಟ್ಟ ವಿಧಾನವನ್ನು ಒಮ್ಮೆ ನೀವೇ ಬರೆದು ನೋಡುವುದು ಒಳ್ಳೆಯದು. ಕಾಲದ ಹೆಜ್ಜೆ 0.01 ಇರಲಿ. ಮೊದಲ ಕೆಲವು ಸಾವಿರ ಬೆಲೆಗಳನ್ನು ಎಸೆಯಿರಿ, ಅದು ವ್ಯವಸ್ಥೆ ತನ್ನ ಜಾಡಿಗೆ ಬರುವ ಸಮಯ. ಉಳಿದದ್ದನ್ನು ಮೂರು ಅಕ್ಷಗಳಲ್ಲಿ ಚಿತ್ರಿಸಿದರೆ ಎರಡು ರೆಕ್ಕೆಯ ಆ ಪ್ರಸಿದ್ಧ ಆಕಾರ ಬರುತ್ತದೆ. ವ್ಯವಸ್ಥೆ ಎಲ್ಲಿಂದ ಹೊರಟರೂ ಕೊನೆಗೆ ಬಂದು ಸುತ್ತುವ ಈ ಜಾಗಕ್ಕೆ ಅಟ್ರಾಕ್ಟರ್ ಅನ್ನುತ್ತಾರೆ.

ಮೂರು ಕಾಲಂಗಳನ್ನೂ ಫೈಲಿನಲ್ಲಿ ಉಳಿಸಿಕೊಳ್ಳಿ. ಮುಂದಿನ ಹಂತಗಳಲ್ಲಿ ಎಕ್ಸ್ ಒಂದನ್ನೇ ಬಳಸಿ, ಉಳಿದೆರಡು ಇಲ್ಲವೇ ಇಲ್ಲ ಅಂದುಕೊಳ್ಳಬೇಕು.

ಹಂತ 3: ಒಂದೇ ಅಳತೆಯಿಂದ ಇಡೀ ಆಕಾರ

ಮಡಿಕೇರಿಯ ಹವಾಮಾನದಲ್ಲಿ ಗಾಳಿ, ತೇವ, ಉಷ್ಣತೆ, ಸಮುದ್ರದ ಶಾಖ ಎಲ್ಲಾ ಸೇರಿವೆ. ನಮ್ಮ ಕೈಯಲ್ಲಿರುವುದು ಮಳೆಯ ಅಂಕಿ ಒಂದೇ. ಒಂದೇ ಅಳತೆಯಿಂದ ಇಡೀ ವ್ಯವಸ್ಥೆಯ ಆಕಾರ ಸಿಗುತ್ತದಾ? 1980ರಲ್ಲಿ ಪ್ಯಾಕರ್ಡ್ ಮತ್ತು ಅವರ ಗೆಳೆಯರು ಸಿಗುತ್ತದೆ ಅಂತ ತೋರಿಸಿದರು. 1981ರಲ್ಲಿ ಫ್ಲೋರಿಸ್ ಟೇಕನ್ಸ್ ಅದಕ್ಕೆ ಗಣಿತದ ಪುರಾವೆ ಕೊಟ್ಟರು. ಷರತ್ತುಗಳಿವೆ: ವ್ಯವಸ್ಥೆ ನಿಯಮಬದ್ಧವಾಗಿರಬೇಕು, ಅಳತೆಯಲ್ಲಿ ಗದ್ದಲ (ನಾಯ್ಸ್, ಅಂದರೆ ನಿಯಮವಿಲ್ಲದ ಏರುಪೇರು) ಇರಬಾರದು, ಡೇಟಾ ಸಾಕಷ್ಟು ಉದ್ದ ಇರಬೇಕು. ನಿಜ ಜಗತ್ತಿನ ಡೇಟಾ ಈ ಮೂರನ್ನೂ ಪೂರ್ತಿ ಪಾಲಿಸುವುದು ಕಡಿಮೆ. ಅದನ್ನು ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಿ.

ಮಾಡುವ ವಿಧಾನ ಸರಳ. ಒಂದು ಸರಣಿಯನ್ನು ತೆಗೆದುಕೊಂಡು, ಅದನ್ನೇ ಸ್ವಲ್ಪ ಹಿಂದಕ್ಕೆ ಸರಿಸಿ ಎರಡನೇ ಕಾಲಂ ಮಾಡಿ. ಇನ್ನೂ ಅಷ್ಟೇ ಹಿಂದಕ್ಕೆ ಸರಿಸಿ ಮೂರನೆಯದು ಮಾಡಿ. ಈ ಕಾಲಂಗಳೇ ಈಗ ನಿಮ್ಮ ಹೊಸ ಅಕ್ಷಗಳು, ಒಂದೊಂದು ಸಾಲೂ ಒಂದು ಬಿಂದು. ಲೊರೆಂಜ್‌ನ ಎಕ್ಸ್ ಒಂದರಿಂದಲೇ ಹೀಗೆ ಮಾಡಿ ಚಿತ್ರಿಸಿ. ಸ್ವಲ್ಪ ತಿರುಚಿದಂತಿದ್ದರೂ ಆ ಎರಡು ರೆಕ್ಕೆ ಮತ್ತೆ ಎದ್ದು ಬರುತ್ತವೆ. ಮೊದಲ ಸಲ ನೋಡುವಾಗ ನಿಜಕ್ಕೂ ಮೈ ಜುಮ್ಮೆನ್ನುತ್ತದೆ.

ಎರಡು ಪ್ರಶ್ನೆ ಉಳಿಯುತ್ತವೆ. ಎಷ್ಟು ಹಿಂದಕ್ಕೆ ಸರಿಸಬೇಕು? ಎಷ್ಟು ಕಾಲಂ ಬೇಕು?

ಸರಿಸುವ ದೂರಕ್ಕೆ ವಿಳಂಬ ಅನ್ನೋಣ. ವಿಳಂಬ ತೀರಾ ಕಡಿಮೆಯಾದರೆ ಎಲ್ಲಾ ಕಾಲಂಗಳೂ ಒಂದೇ ಮಾತು ಹೇಳುತ್ತವೆ, ಚಿತ್ರ ಕರ್ಣದ ಗೆರೆಗೆ ಅಂಟಿಕೊಳ್ಳುತ್ತದೆ. ತೀರಾ ಜಾಸ್ತಿಯಾದರೆ ಕಾಲಂಗಳಿಗೆ ಸಂಬಂಧವೇ ಇರುವುದಿಲ್ಲ. ಫ್ರೇಸರ್ ಮತ್ತು ಸ್ವಿನ್ನಿ 1986ರಲ್ಲಿ ಕೊಟ್ಟ ಸಲಹೆ ಇದು: ಮ್ಯೂಚುವಲ್ ಇನ್‌ಫರ್ಮೇಷನ್ (ಒಂದು ಕಾಲಂ ಗೊತ್ತಿದ್ದರೆ ಇನ್ನೊಂದರ ಬಗ್ಗೆ ಎಷ್ಟು ತಿಳಿಯುತ್ತದೆ ಅನ್ನುವ ಅಳತೆ) ಲೆಕ್ಕ ಹಾಕಿ, ಅದು ಮೊದಲ ಬಾರಿ ತಗ್ಗಿಗೆ ಇಳಿದು ಮತ್ತೆ ಏರುವ ಜಾಗವನ್ನು ಆರಿಸಿ. 0.01 ಹೆಜ್ಜೆಯ ಲೊರೆಂಜ್ ಡೇಟಾದಲ್ಲಿ ಅದು ಸುಮಾರು 16ರಿಂದ 18 ಹೆಜ್ಜೆಗೆ ಬರುತ್ತದೆ. ನಿಮಗೂ ಅಷ್ಟೇ ಬಂದರೆ ಪ್ರೋಗ್ರಾಂ ಸರಿ ಇದೆ ಅಂತ ಲೆಕ್ಕ.

ಕಾಲಂಗಳ ಸಂಖ್ಯೆಗೆ ಸುಳ್ಳು ನೆರೆಹೊರೆಯ ಪರೀಕ್ಷೆ ಇದೆ. ಕೆನೆಲ್, ಬ್ರೌನ್ ಮತ್ತು ಅಬರ್ಬನೆಲ್ 1992ರಲ್ಲಿ ಕೊಟ್ಟದ್ದು. ಎರಡು ಕಾಲಂನಲ್ಲಿ ಪಕ್ಕಪಕ್ಕ ಕಾಣುವ ಎರಡು ಬಿಂದುಗಳು ಮೂರನೇ ಕಾಲಂ ಸೇರಿಸಿದ ತಕ್ಷಣ ದೂರ ಹಾರಿದರೆ, ಅವು ನಿಜವಾದ ನೆರೆಯವರಲ್ಲ. ಕಾಲಂ ಸೇರಿಸುತ್ತಾ ಹೋಗಿ. ಸುಳ್ಳು ನೆರೆಯವರ ಪಾಲು ಸೊನ್ನೆಯ ಹತ್ತಿರ ಇಳಿದಲ್ಲಿ ನಿಲ್ಲಿಸಿ. ಲೊರೆಂಜ್‌ಗೆ ಮೂರು ಸಾಕು. ಶುದ್ಧ ಗದ್ದಲಕ್ಕೆ ಅದು ಸಲೀಸಾಗಿ ಇಳಿಯುವುದಿಲ್ಲ.

ಹಂತ 4: ಎರಡು ಅಳತೆಗಳು

ಮೊದಲನೆಯದು ಲ್ಯಾಪುನೋವ್ ಎಕ್ಸ್‌ಪೊನೆಂಟ್. ಸಣ್ಣ ಡೇಟಾಗೆ ರೋಸೆನ್‌ಸ್ಟೀನ್ ಮತ್ತು ಜೊತೆಗಾರರ 1993ರ ವಿಧಾನ ಕಲಿಯುವವರಿಗೆ ಹೇಳಿ ಮಾಡಿಸಿದ್ದು. ಪ್ರತಿ ಬಿಂದುವಿಗೂ ಅತಿ ಹತ್ತಿರದ ನೆರೆಯನ್ನು ಹುಡುಕಿ. ಇಬ್ಬರೂ ಮುಂದೆ ಸಾಗುವಾಗ ಅಂತರ ಹೇಗೆ ಬೆಳೆಯುತ್ತದೆ ನೋಡಿ. ಅಂತರದ ಲಾಗ್ ತೆಗೆದು, ಎಲ್ಲಾ ಜೋಡಿಗಳ ಸರಾಸರಿ ಮಾಡಿ, ಕಾಲದ ಎದುರು ಗ್ರಾಫ್ ಹಾಕಿ. ನೇರ ಏರುವ ಭಾಗದ ಇಳಿಜಾರೇ ಉತ್ತರ. ಲೊರೆಂಜ್‌ಗೆ ಸುಮಾರು 0.9 ಬರಬೇಕು.

ಪ್ರೋಗ್ರಾಂ ಕೊಟ್ಟ ಅಂಕಿಯನ್ನು ನೋಡುವ ಮೊದಲು ಗ್ರಾಫನ್ನೇ ನೋಡಿ. ನೇರವಾಗಿ ಏರುವ ಭಾಗ ಇದೆಯಾ? ಶುದ್ಧ ಗದ್ದಲಕ್ಕೆ ಗೆರೆ ಒಂದೇ ಹೆಜ್ಜೆಗೆ ಮೇಲೆ ಹಾರಿ ಸಮತಟ್ಟಾಗುತ್ತದೆ. ಆದರೂ ಪ್ರೋಗ್ರಾಂ ಅದಕ್ಕೊಂದು ಗೆರೆ ಹೊಂದಿಸಿ ಧನ ಸಂಖ್ಯೆ ಕೊಡುತ್ತದೆ. ಬಹಳಷ್ಟು ವಿದ್ಯಾರ್ಥಿ ಪ್ರಾಜೆಕ್ಟುಗಳು ಎಡವುವುದು ಇಲ್ಲೇ.

ಎರಡನೆಯದು ಕೋರಿಲೇಷನ್ ಡೈಮೆನ್ಷನ್. ಗ್ರಾಸ್‌ಬರ್ಗರ್ ಮತ್ತು ಪ್ರೊಕಾಚಿಯಾ, 1983. ಒಂದು ತ್ರಿಜ್ಯ ಇಟ್ಟುಕೊಂಡು, ಅಷ್ಟು ದೂರದೊಳಗೆ ಬರುವ ಜೋಡಿ ಬಿಂದುಗಳು ಎಷ್ಟು ಅಂತ ಎಣಿಸಿ. ತ್ರಿಜ್ಯ ಬದಲಿಸುತ್ತಾ ಹೋಗಿ, ಎರಡರ ಲಾಗ್ ತೆಗೆದು ಗ್ರಾಫ್ ಹಾಕಿ. ಇಳಿಜಾರೇ ಡೈಮೆನ್ಷನ್, ಅಂದರೆ ಅಟ್ರಾಕ್ಟರ್ ಆಕಾರದ ಆಯಾಮ. ಕಾಲಂ ಹೆಚ್ಚಿಸಿದಂತೆ ಇಳಿಜಾರು ಒಂದು ಬೆಲೆಯಲ್ಲಿ ನಿಂತರೆ ಒಳಗೆ ಕಡಿಮೆ ಆಯಾಮದ ನಿಯಮ ಇರಬಹುದು. ಗದ್ದಲವಾದರೆ ಕಾಲಂ ಹೆಚ್ಚಿದಷ್ಟೂ ಇಳಿಜಾರು ಹೆಚ್ಚುತ್ತಲೇ ಹೋಗುತ್ತದೆ. ಲೊರೆಂಜ್‌ಗೆ 2.05ರ ಹತ್ತಿರ ನಿಲ್ಲುತ್ತದೆ.

ಎರಡೂ ಲೆಕ್ಕದಲ್ಲಿ ಕಾಲದಲ್ಲಿ ಅಕ್ಕಪಕ್ಕ ಇರುವ ಬಿಂದುಗಳನ್ನು ನೆರೆಯವರು ಅಂತ ಎಣಿಸಬೇಡಿ. ಇವತ್ತು ಮತ್ತು ನಾಳೆ ಹತ್ತಿರ ಇರುವುದು ಸಹಜ, ಅದರಿಂದ ಆಕಾರದ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಈ ಬಿಡುವ ಅಂತರಕ್ಕೆ ಥೈಲರ್ ವಿಂಡೋ ಅನ್ನುತ್ತಾರೆ. ಪ್ಯಾಕೇಜಿನಲ್ಲಿ ಅದರ ಡಿಫಾಲ್ಟ್ ಬೆಲೆ ಏನಿದೆ ಅಂತ ತೆರೆದು ನೋಡಿ.

ಹಂತ 5: ಸುಳ್ಳು ಡೇಟಾದ ಎದುರು ನಿಲ್ಲಿಸಿ

ನನ್ನ ಮಟ್ಟಿಗೆ ಇಡೀ ಮಾರ್ಗದರ್ಶಿಯಲ್ಲಿ ಅತಿ ಮುಖ್ಯವಾದ ಹಂತ ಇದು.

1984ರಲ್ಲಿ ನಿಕೋಲಿಸ್ ದಂಪತಿ ಸಮುದ್ರತಳದ ಕೆಸರಿನಿಂದ ಸಿಕ್ಕ ಐಸೋಟೋಪ್ ದಾಖಲೆಯನ್ನು ವಿಶ್ಲೇಷಿಸಿ, ಭೂಮಿಯ ದೀರ್ಘಕಾಲದ ಹವಾಮಾನಕ್ಕೆ ಸುಮಾರು 3.1 ಡೈಮೆನ್ಷನ್‌ನ ಅಟ್ರಾಕ್ಟರ್ ಇದೆ ಅಂತ ನೇಚರ್‌ನಲ್ಲಿ ಬರೆದರು. ಅಂದರೆ ನಾಲ್ಕೇ ಅಂಶಗಳಿಂದ ಹಿಮಯುಗಗಳನ್ನು ವಿವರಿಸಬಹುದೇನೋ ಅನ್ನುವ ಆಸೆ ಹುಟ್ಟಿತು. 1986ರಲ್ಲಿ ಗ್ರಾಸ್‌ಬರ್ಗರ್ ಅದೇ ಪತ್ರಿಕೆಯಲ್ಲಿ ಇದನ್ನು ಒಪ್ಪಲಿಲ್ಲ. ಆ ವಿಧಾನವನ್ನು ಕೊಟ್ಟವರೇ ಅವರು, ನೆನಪಿರಲಿ. ಮೂಲದಲ್ಲಿದ್ದದ್ದು 184 ಅಳತೆಗಳು. ನಡುವಿನ ಜಾಗ ತುಂಬಿಸಿ ಅವನ್ನು 500 ಮಾಡಲಾಗಿತ್ತು. ಅಷ್ಟು ಕಡಿಮೆ ಡೇಟಾದಲ್ಲಿ, ಅದೂ ನಯಗೊಳಿಸಿದ ಡೇಟಾದಲ್ಲಿ, ಕಡಿಮೆ ಡೈಮೆನ್ಷನ್ ಕಾಣುವುದು ವಿಧಾನದ ಮಿತಿಯಿಂದಲೇ ಆಗಬಹುದು. 1989ರಲ್ಲಿ ಆಸ್ಬೋರ್ನ್ ಮತ್ತು ಪ್ರೊವೆಂಜಾಲೆ ಇನ್ನೂ ಮುಂದೆ ಹೋದರು. ಯಾವ ನಿಯಮವೂ ಇಲ್ಲದ, ಆದರೆ ನಿಧಾನ ಏರಿಳಿತ ಜಾಸ್ತಿ ಇರುವ ಬಣ್ಣದ ಗದ್ದಲವೂ ಸೀಮಿತ ಡೈಮೆನ್ಷನ್ ತೋರಿಸುತ್ತದೆ ಅಂತ ತೋರಿಸಿದರು.

ಹಾಗಾದರೆ ಏನು ಮಾಡಬೇಕು? ಥೈಲರ್ ಮತ್ತು ಜೊತೆಗಾರರು 1992ರಲ್ಲಿ ದಾರಿ ತೋರಿದರು. ನಿಮ್ಮ ಡೇಟಾದಂತೆಯೇ ಕಾಣುವ, ಆದರೆ ನಾನ್‌ಲೀನಿಯರ್ ನಿಯಮ ಇಲ್ಲದ ನಕಲಿ ಸರಣಿಗಳನ್ನು ಮಾಡಿ. ಇವಕ್ಕೆ ಸರೊಗೇಟ್ ಅನ್ನುತ್ತಾರೆ. ಅಸಲಿನ ಅಂಕಿಗಳ ಹಂಚಿಕೆಯೂ ಆಟೋಕೋರಿಲೇಷನ್ನೂ ಉಳಿಯುವಂತೆ ಸರೊಗೇಟ್ ಮಾಡುವ ಸುಧಾರಿತ ವಿಧಾನವನ್ನು ಶ್ರೈಬರ್ ಮತ್ತು ಶ್ಮಿಟ್ಸ್ 1996ರಲ್ಲಿ ಕೊಟ್ಟರು. ಅಸಲಿಗೂ ನಕಲಿಗೂ ಒಂದೇ ಅಳತೆ ಹಾಕಿ. ಒಂದೇ ಬದಿಯ ಪರೀಕ್ಷೆಗೆ ಕನಿಷ್ಠ 19, ಎರಡು ಬದಿಗೆ 39 ನಕಲಿಗಳಾದರೆ ಶೇಕಡಾ 95ರ ಭರವಸೆ ಸಿಗುತ್ತದೆ. ಅಸಲಿ ಎಲ್ಲಾ ನಕಲಿಗಳ ಗುಂಪಿನಿಂದ ಹೊರಗೆ ನಿಂತರೆ ಮಾತ್ರ ಮುಂದಿನ ಮಾತು.

ಹೊರಗೆ ನಿಂತ ಮಾತ್ರಕ್ಕೆ ಕೇಯಾಸ್ ಸಾಬೀತಾಗಲಿಲ್ಲ. ನಕಲಿಯ ಹಿಂದಿರುವ ರೇಖೀಯ ಊಹೆ ಹೊಂದುವುದಿಲ್ಲ ಅಂತಷ್ಟೇ ಅರ್ಥ. ಋತುಮಾನದಿಂದಲೋ, ಅಳತೆಯ ಕ್ರಮ ನಡುವೆ ಬದಲಾದದ್ದರಿಂದಲೋ ಹಾಗಾಗಿರಬಹುದು.

ಈ ಹಂತವನ್ನೂ ಮೊದಲು ಲೊರೆಂಜ್ ಮೇಲೆ, ಆಮೇಲೆ ನೀವೇ ಮಾಡಿದ ಶುದ್ಧ ಗದ್ದಲದ ಮೇಲೆ ಓಡಿಸಿ. ಮೊದಲನೆಯದು ಹೊರಗೆ ನಿಲ್ಲಬೇಕು, ಎರಡನೆಯದು ಗುಂಪಿನಲ್ಲೇ ಸೇರಬೇಕು. ಆಮೇಲೆ ನಿಜ ಡೇಟಾಗೆ ಕೈ ಹಾಕುವ ಮೊದಲು ನಡುವೆ ಒಂದು ಮೆಟ್ಟಿಲು ಇರಲಿ. 1749ರಿಂದ ಸಿಗುವ ತಿಂಗಳವಾರು ಸೂರ್ಯಕಲೆಗಳ ಲೆಕ್ಕ ಇದೆ, ಬೆಲ್ಜಿಯಂನ ರಾಯಲ್ ವೀಕ್ಷಣಾಲಯ ಉಚಿತವಾಗಿ ಕೊಡುತ್ತದೆ. ಹೃದಯ ಬಡಿತದ ಡೇಟಾ ಇಷ್ಟವಾದರೆ ವೈದ್ಯಕೀಯ ಅಳತೆಗಳ ಜಾಲತಾಣವಾದ ಫಿಸಿಯೋನೆಟ್‌ನಲ್ಲಿ ಬೇಕಾದಷ್ಟಿದೆ.

ಹಂತ 6: ಈಗ ಮಳೆ ಪುಸ್ತಕ ತೆರೆಯಿರಿ

ಪುಸ್ತಕ ಬರೆದವರು ಮನೆಯಲ್ಲಿದ್ದರೆ ಮೊದಲು ಅವರ ಪಕ್ಕ ಕೂತು ಕೇಳಿ. ಎಷ್ಟು ಗಂಟೆಗೆ ಅಳೆಯುತ್ತಿದ್ದಿರಿ? ಮಾಪಕ ಯಾವಾಗಲಾದರೂ ಜಾಗ ಬದಲಾಯಿಸಿತಾ? ಮದುವೆಗೋ ಹಬ್ಬಕ್ಕೋ ಹೋದಾಗ ಯಾರು ಬರೆಯುತ್ತಿದ್ದರು? ಎರಡು ದಿನದ ಮಳೆಯನ್ನು ಒಂದೇ ದಿನಕ್ಕೆ ಬರೆದದ್ದಿದೆಯಾ? ಜೋರು ಮಳೆಗೆ ಮಾಪಕ ತುಂಬಿ ಹರಿದಿತ್ತಾ? ಈ ಉತ್ತರಗಳು ಯಾವ ಸಾಫ್ಟ್‌ವೇರಿನಲ್ಲೂ ಸಿಗುವುದಿಲ್ಲ. ಮರದ ಕೆಳಗಿದ್ದ ಮಾಪಕ ಬಯಲಿಗೆ ಬಂದ ವರ್ಷದಿಂದ ಮಳೆ ಜಾಸ್ತಿಯಾದಂತೆ ಕಂಡರೆ ಅದು ಹವಾಮಾನ ಅಲ್ಲ.

ಟೈಪ್ ಮಾಡುವಾಗ ಇಂಚು ಸೆಂಟಿನ ಬಲೆಗೆ ಬೀಳಬೇಡಿ. ಒಂದು ಇಂಚಿಗೆ 100 ಸೆಂಟು, 25.4 ಮಿಲಿಮೀಟರ್. ಪುಸ್ತಕದಲ್ಲಿ 1-35 ಅಂತಿದ್ದರೆ 1.35 ಇಂಚು, ಅಂದರೆ 34.29 ಮಿಲಿಮೀಟರ್. ತೊಂದರೆ ಬರುವುದು 1-5 ಅಂತ ಬರೆದಾಗ. ಅದು ಒಂದು ಇಂಚು ಐದು ಸೆಂಟು, 26.67 ಮಿಲಿಮೀಟರ್. ಅದನ್ನು 1.5 ಅಂತ ಹೊಡೆದರೆ 38.1 ಆಗಿಬಿಡುತ್ತದೆ. ಇಂಚು ಮತ್ತು ಸೆಂಟನ್ನು ಬೇರೆ ಬೇರೆ ಕಾಲಂನಲ್ಲಿ ಹೊಡೆದು, ಆಮೇಲೆ ಸೂತ್ರದಿಂದ ಸೇರಿಸಿ. ಹಾಗೆಯೇ ಮಳೆ ಬಾರದ ದಿನ ಸೊನ್ನೆ, ಅಳೆಯದ ದಿನ ಖಾಲಿ. ಎರಡನ್ನೂ ಕಲಸಿದರೆ ಮುಂದಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಪುಸ್ತಕ ಇಲ್ಲದವರು ಹವಾಮಾನ ಇಲಾಖೆಯ ಪುಣೆ ಕಚೇರಿ ಉಚಿತವಾಗಿ ಕೊಡುವ ಚೌಕವಾರು ದಿನವಹಿ ಮಳೆ ಡೇಟಾ ಬಳಸಬಹುದು. 1901ರಿಂದ ಇದೆ. ಒಂದು ಚೌಕ ಕಾಲು ಡಿಗ್ರಿ, ಅಂದರೆ ಹೆಚ್ಚುಕಡಿಮೆ 27 ಕಿಲೋಮೀಟರ್ ಅಗಲ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಇರುವ ಅಂತರ ಗೊತ್ತಿರುವವರಿಗೆ ಇಷ್ಟು ದೊಡ್ಡ ಚೌಕದ ಸರಾಸರಿ ಏನನ್ನು ಮರೆಮಾಡುತ್ತದೆ ಅಂತ ಹೇಳಬೇಕಿಲ್ಲ. ಪಕ್ಕದ ತೋಟದ ಪುಸ್ತಕದ ಜೊತೆ ಹೋಲಿಸಿ ನೋಡುವುದು ಒಳ್ಳೆಯದು.

ಹಾರಂಗಿ ಜಲಾಶಯದ ಮಟ್ಟ ದಿನಾ ಪೇಪರಿನಲ್ಲಿ ಬರುತ್ತದಲ್ಲ, ಅದನ್ನೇ ಬಳಸೋಣ ಅಂತ ಅನಿಸಬಹುದು. ನಾನು ಬೇಡ ಅನ್ನುತ್ತೇನೆ. ಗರಿಷ್ಠ ಮಟ್ಟ 2,859 ಅಡಿ. ಅದರ ಹತ್ತಿರ ಬಂದಾಗ ಗೇಟ್ ತೆರೆಯುವುದು ಇಂಜಿನಿಯರುಗಳ ತೀರ್ಮಾನ. ಆ ಅಂಕಿಗಳಲ್ಲಿ ಪ್ರಕೃತಿಯ ನಿಯಮಕ್ಕಿಂತ ಕಚೇರಿಯ ನಿಯಮ ಜಾಸ್ತಿ. ಒಳಹರಿವಿನ ಲೆಕ್ಕ ಸಿಕ್ಕರೆ ಅದು ವಾಸಿ.

ಈಗ ಮಳೆಯ ಅಂಕಿಗಳ ಸ್ವಂತ ತೊಂದರೆಗಳು. ಜನವರಿಯಲ್ಲಿ ಪುಟಗಟ್ಟಲೆ ಸೊನ್ನೆ. ಸೊನ್ನೆಗಳ ನಡುವಿನ ಅಂತರ ಸೊನ್ನೆ, ಅದರ ಲಾಗ್ ತೆಗೆಯಲು ಆಗುವುದಿಲ್ಲ. ಕೋರಿಲೇಷನ್ ಡೈಮೆನ್ಷನ್ ಲೆಕ್ಕದಲ್ಲಿ ಈ ಸೊನ್ನೆಗಳೆಲ್ಲಾ ಒಂದೇ ಬಿಂದುವಿನಲ್ಲಿ ಗುಡ್ಡೆಯಾಗಿ, ಡೈಮೆನ್ಷನ್ ಸುಳ್ಳೇ ಕಡಿಮೆ ಕಾಣುತ್ತದೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 122 ದಿನಗಳನ್ನು ಮಾತ್ರ ತೆಗೆದುಕೊಳ್ಳಿ. ಒಂದು ವರ್ಷದ ಸೆಪ್ಟೆಂಬರ್ 30ರ ಪಕ್ಕ ಮುಂದಿನ ವರ್ಷದ ಜೂನ್ 1 ಅಂಟಿಸಿ ಒಂದೇ ಸರಣಿ ಮಾಡಬೇಡಿ. ವಿಳಂಬದ ಕಾಲಂಗಳನ್ನು ಪ್ರತಿ ವರ್ಷದ ಒಳಗೇ ಕಟ್ಟಿ, ಆಮೇಲೆ ಎಲ್ಲಾ ವರ್ಷದ ಬಿಂದುಗಳನ್ನು ಒಟ್ಟು ಸೇರಿಸಿ. ಐದೈದು ದಿನದ ಮೊತ್ತ ಮಾಡಿದರೆ ಸೊನ್ನೆಗಳು ಇನ್ನೂ ಕಡಿಮೆಯಾಗುತ್ತವೆ, ಆದರೆ ಬಿಂದುಗಳೂ ಐದನೇ ಒಂದು ಭಾಗಕ್ಕೆ ಇಳಿಯುತ್ತವೆ.

ಡೇಟಾ ಸಾಕಾ? ಎಕ್‌ಮನ್ ಮತ್ತು ರುಯೆಲ್ 1992ರಲ್ಲಿ ಒಂದು ಮಿತಿ ಹೇಳಿದರು. ಬಿಂದುಗಳ ಸಂಖ್ಯೆಯ ಲಾಗ್ ಅನ್ನು ಹತ್ತರ ಆಧಾರದಲ್ಲಿ ತೆಗೆದು ಎರಡರಿಂದ ಗುಣಿಸಿ. ಅದಕ್ಕಿಂತ ದೊಡ್ಡ ಡೈಮೆನ್ಷನ್ ಆ ಡೇಟಾದಿಂದ ಸಿಗಲಾರದು. 30 ವರ್ಷದ ಮಳೆಗಾಲ ಅಂದರೆ 3,660 ದಿನ. ಮಿತಿ ಸುಮಾರು 7. ನಿಮ್ಮ ಉತ್ತರ 6.5 ಅಂತ ಬಂದರೆ ಅದು ಮಳೆಯ ಗುಣವಲ್ಲ, ಡೇಟಾದ ಉದ್ದ ಮಾತಾಡುತ್ತಿದೆ.

ಇಷ್ಟೆಲ್ಲಾ ಮಾಡಿ ಸರೊಗೇಟ್ ಎದುರು ನಿಲ್ಲಿಸಿದಾಗ, ಒಂದು ತೋಟದ ದಿನವಹಿ ಮಳೆಯಲ್ಲಿ ಕಡಿಮೆ ಆಯಾಮದ ಕೇಯಾಸ್‌ಗೆ ಗಟ್ಟಿ ಪುರಾವೆ ಸಿಗುತ್ತದೆ ಅಂತ ನಿರೀಕ್ಷಿಸಬೇಡಿ. ಒಂದು ಮಾಪಕದ ಮೇಲೆ ಬೀಳುವ ಮಳೆಯಲ್ಲಿ ಆ ಮೋಡ, ಆ ಬೆಟ್ಟದ ಓರೆ, ಆ ಗಾಳಿ ಎಲ್ಲದರ ಪಾಲಿದೆ. ಪುರಾವೆ ಸಿಗಲಿಲ್ಲ ಅಂತ ಬರೆಯುವುದೂ ಪೂರ್ತಿ ಬೆಲೆಯುಳ್ಳ ಫಲಿತಾಂಶವೇ.

ಆದರೆ ಈ ವಿದ್ಯೆಯಿಂದ ಮಳೆ ಪುಸ್ತಕಕ್ಕೆ ಉಪಯೋಗವಿಲ್ಲ ಅಂತಲ್ಲ. ನನಗೆ ಬಹಳ ಇಷ್ಟವಾದದ್ದು ರಿಕರೆನ್ಸ್ ಪ್ಲಾಟ್. ಎಕ್‌ಮನ್, ಕಾಂಪ್‌ಹೋರ್ಸ್ಟ್ ಮತ್ತು ರುಯೆಲ್ 1987ರಲ್ಲಿ ಕೊಟ್ಟದ್ದು. ಎರಡೂ ಅಕ್ಷದಲ್ಲಿ ದಿನಾಂಕ ಇಡಿ. ಯಾವ ಎರಡು ದಿನಗಳ ಸ್ಥಿತಿ ಒಂದನ್ನೊಂದು ಹೋಲುತ್ತದೋ ಅಲ್ಲಿ ಚುಕ್ಕೆ ಹಾಕಿ. ಬಿಡದೆ ಸುರಿದ ವಾರಗಳೂ ಮಳೆ ಬಿಡುವು ಕೊಟ್ಟ ದಿನಗಳೂ ಚೌಕಗಳಾಗಿ ಎದ್ದು ಕಾಣುತ್ತವೆ. ಎರಡು ವರ್ಷಗಳ ಕಕ್ಕಡ ಒಂದೇ ರೀತಿ ನಡೆದಿದ್ದರೆ ಕರ್ಣಕ್ಕೆ ಸಮನಾದ ಗೆರೆಗಳು ಬರುತ್ತವೆ. ಇದಕ್ಕೆ ಉದ್ದದ ಡೇಟಾ ಬೇಡ, ನಿಯಮದ ಬಗ್ಗೆ ದೊಡ್ಡ ಊಹೆಯೂ ಬೇಡ.

ಹಂತ 7: ಮುಂದಿನದನ್ನು ಊಹಿಸಿ ಪರೀಕ್ಷಿಸಿ

ಸುಗಿಹಾರ ಮತ್ತು ಮೇ 1990ರಲ್ಲಿ ತೋರಿಸಿದ ದಾರಿ ಸುಲಭ. ಡೇಟಾವನ್ನು ಎರಡು ಭಾಗ ಮಾಡಿ. ಎರಡನೇ ಭಾಗದ ಪ್ರತಿ ದಿನಕ್ಕೂ ಮೊದಲ ಭಾಗದಲ್ಲಿ ಅದನ್ನೇ ಹೋಲುವ ಹಳೆಯ ದಿನಗಳನ್ನು ಹುಡುಕಿ. ಆ ಹಳೆಯ ದಿನಗಳ ಮರುದಿನ ಏನಾಯಿತು ಅಂತ ನೋಡಿ, ಅದರ ಸರಾಸರಿಯನ್ನು ನಿಮ್ಮ ಊಹೆ ಅಂತ ಇಡಿ. ಒಂದು ದಿನ, ಎರಡು ದಿನ, ಐದು ದಿನ ಮುಂದಕ್ಕೆ ಹೀಗೇ ಮಾಡಿ. ಕೇಯಾಸ್ ಆದರೆ ಹತ್ತಿರದ ಊಹೆ ಚೆನ್ನಾಗಿದ್ದು, ದೂರ ಹೋದಂತೆ ಬೇಗ ಕೆಡುತ್ತದೆ. ಪರಸ್ಪರ ಸಂಬಂಧವಿಲ್ಲದ ಗದ್ದಲವಾದರೆ ಹತ್ತಿರ ದೂರ ಎರಡೂ ಒಂದೇ. ರೇಖೀಯ ಆದರೂ ನೆನಪಿರುವ ಸರಣಿಗಳೂ ಹೀಗೇ ಕೆಡುವುದರಿಂದ, ಇಲ್ಲೂ ಸರೊಗೇಟ್ ಹೋಲಿಕೆ ಬೇಕೇ ಬೇಕು.

ಊಹೆಯನ್ನು ಯಾವುದರ ಜೊತೆ ಹೋಲಿಸುತ್ತೀರಿ ಅನ್ನುವುದು ಬಹಳ ಮುಖ್ಯ. ಜುಲೈನಲ್ಲಿ ಮಳೆ ಬರುತ್ತದೆ ಅಂತ ಹೇಳಲು ಕೇಯಾಸ್ ಥಿಯರಿ ಬೇಡ ಅಲ್ವಾ? ಆದ್ದರಿಂದ ಮೂರು ಸರಳ ಎದುರಾಳಿಗಳನ್ನು ಇಟ್ಟುಕೊಳ್ಳಿ: ಆ ದಿನಾಂಕದ ಹಲವು ವರ್ಷಗಳ ಸರಾಸರಿ, ಇವತ್ತು ಬಂದಷ್ಟೇ ನಾಳೆಯೂ ಅನ್ನುವ ಊಹೆ, ಹಿಂದಿನ ಕೆಲವು ದಿನಗಳ ಬೆಲೆಗಳಿಂದ ನಾಳಿನದನ್ನು ಲೆಕ್ಕ ಹಾಕುವ ಒಂದು ಸಾಮಾನ್ಯ ಆಟೋರಿಗ್ರೆಸಿವ್ ಮಾದರಿ. ಈ ಮೂರನ್ನೂ ಸೋಲಿಸಿದರೆ ಮಾತ್ರ ನಿಮ್ಮ ವಿಧಾನಕ್ಕೆ ಏನೋ ಸಿಕ್ಕಿದೆ.

ಕೇಯಾಸ್ ಅಂದರೆ ಏನನ್ನೂ ಮುಂದಾಗಿ ಹೇಳಲಾಗದು ಅಂತ ಬಹಳ ಜನ ನಂಬಿದ್ದಾರೆ. ದಿನದ ಹವಾಮಾನಕ್ಕೆ ಎರಡು ವಾರದ ಆಸುಪಾಸಿನಲ್ಲಿ ಮಿತಿ ಇದೆ, ನಿಜ. ಆದರೆ ಚಾರ್ನಿ ಮತ್ತು ಜಗದೀಶ್ ಶುಕ್ಲಾ 1981ರಲ್ಲಿ ಒಂದು ದೊಡ್ಡ ಮಾತು ಮುಂದಿಟ್ಟರು. ಉಷ್ಣವಲಯದಲ್ಲಿ ಇಡೀ ಮುಂಗಾರಿನ ಸರಾಸರಿ ಸಮುದ್ರದ ಮೇಲ್ಮೈ ಉಷ್ಣತೆಯಂಥ ನಿಧಾನ ಬದಲಾಗುವ ಅಂಶಗಳಿಗೆ ಕಟ್ಟುಬಿದ್ದಿರುತ್ತದೆ, ಆದ್ದರಿಂದ ದಿನವನ್ನು ಹೇಳಲಾಗದಿದ್ದರೂ ಋತುವಿನ ಬಗ್ಗೆ ಒಂದಷ್ಟು ಹೇಳಬಹುದು ಅಂತ. ನಿಮ್ಮ ಪುಸ್ತಕದ ಜೂನ್-ಸೆಪ್ಟೆಂಬರ್ ಮೊತ್ತವನ್ನು ಪೆಸಿಫಿಕ್ ಸಮುದ್ರದ ಮೇಲ್ಮೈ ಉಷ್ಣತೆಯ ಏರಿಳಿತ ತೋರಿಸುವ ನೀನ್ಯೊ 3.4 ಸೂಚ್ಯಂಕದ ಎದುರು ಇಟ್ಟು ನೋಡುವುದು ಮುಂದಿನ ಒಳ್ಳೆಯ ಕೆಲಸ. ಅಲ್ಲೂ ವರ್ಷಗಳ ಕ್ರಮವನ್ನು ಇಡಿಯಾಗಿ ಕಲಸಿ ಹೋಲಿಸುವುದನ್ನು ಮರೆಯಬೇಡಿ.

ಒಂದು ವಿಷಯದಲ್ಲಿ ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ. 2018ರ ಆಗಸ್ಟ್‌ನಲ್ಲಿ ಬೆಟ್ಟಗಳು ಜಾರಿದ್ದನ್ನು ಕಂಡ ಜಿಲ್ಲೆ ಇದು. ಕಲಿಯುವಾಗ ಬಂದ ಊಹೆಗಳನ್ನು ಮಳೆಗಾಲದಲ್ಲಿ ಊರಿನ ವಾಟ್ಸಾಪ್ ಗುಂಪಿಗೆ ಮುನ್ಸೂಚನೆಯಾಗಿ ಹಾಕಬೇಡಿ. ಆ ಹೊತ್ತಿಗೆ ಹವಾಮಾನ ಇಲಾಖೆ ಮತ್ತು ಜಿಲ್ಲಾಡಳಿತದ ಎಚ್ಚರಿಕೆಯೇ ಎಲ್ಲರೂ ಪಾಲಿಸಬೇಕಾದದ್ದು.

ಫಲಿತಾಂಶ ಬರೆಯುವಾಗ ಇವಿಷ್ಟು ಇರಲಿ: ಮಾಪಕ ಎಲ್ಲಿತ್ತು, ಎಷ್ಟು ದಿನ ಖಾಲಿ, ವಿಳಂಬ ಎಷ್ಟು, ಕಾಲಂ ಎಷ್ಟು, ಥೈಲರ್ ವಿಂಡೋ ಎಷ್ಟು, ಸರೊಗೇಟ್ ಎಷ್ಟು ಮತ್ತು ಯಾವ ಬಗೆಯದು, ಮೂರು ಎದುರಾಳಿಗಳ ಎದುರು ಏನಾಯಿತು. ಟೈಪ್ ಮಾಡಿದ ಮಳೆ ಲೆಕ್ಕದ ಒಂದು ಪ್ರತಿಯನ್ನು ಮನೆಯವರ ಒಪ್ಪಿಗೆ ಪಡೆದು ಜೊತೆಗಿಡಿ. ಇನ್ನೊಂದು ತೋಟದವರು ತಮ್ಮ ಪುಸ್ತಕದ ಮೇಲೆ ಅದೇ ಲೆಕ್ಕವನ್ನು ಓಡಿಸಿ ಹೋಲಿಸಲು ಇಷ್ಟು ಬೇಕು.